ಹಿಡಿ ಅಕ್ಕಿ ಬಾರದ ಮನೆ

ಮಾನ್ವಿಗೆ ಬಂದು ಎರಡನೇ ಭಾನುವಾರವೇ ನನ್ನನ್ನು ಬಡವರ ಸಾಲಿಗೆ ಸೇರಿಸಿಬಿಟ್ಟರು.

ಊರಿನಲ್ಲಿ ಕುಳಿತು ಇದನ್ನು ಓದುವ ನಿಮಗೆ ನಗು ಬರಬಹುದು. ನಾನು ಸರಕಾರಿ ಹೈಸ್ಕೂಲಿನ ಕನ್ನಡ ಟೀಚರು. ಉಡುಪಿಯಿಂದ ಈ ರಾಯಚೂರು ಸೀಮೆಗೆ ಹೊರಡುವಾಗ ನೀವೇ ಚರ್ಚಿನಲ್ಲಿ ನನಗೆ ಶಾಲು ಹೊದಿಸಿ, ಸರಕಾರಿ ಕೆಲಸ ಸಿಕ್ಕಿತಲ್ಲ, ಇನ್ನೇನು ಚಿಂತೆ ಎಂದು ಕಳುಹಿಸಿದ್ದಿರಿ. ಅಂಥವಳು ಆ ದಿನ ಆರಾಧನೆ ಮುಗಿಸಿ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದೆ. ಒಣಕಲು ಮೈಯ ಮುದುಕಿಯೊಬ್ಬಳು ಎದುರು ಬಂದು, "ಸೆರಗು ಒಡ್ಡು ಯವ್ವಾ" ಎಂದಳು. ಸಿಹಿ ಹಂಚುತ್ತಿದ್ದಾರೆ ಎಂದುಕೊಂಡು ಒಡ್ಡಿದೆ. ಆಕೆ ಬಟ್ಟೆಯ ಚೀಲ ಬಗ್ಗಿಸಿ ಸುರ್ರನೆ ಅಕ್ಕಿ ಸುರಿದಳು. ಸಣ್ಣಕ್ಕಿ, ರೇಷನ್ನಿನ ದಪ್ಪ ಅಕ್ಕಿ, ನುಚ್ಚು ಎಲ್ಲ ಕಲಸುಮೇಲೋಗರ. ಸುತ್ತ ನಿಂತ ಹೆಂಗಸರು ಒಬ್ಬರೂ ನಗಲಿಲ್ಲ. ಪಾಸ್ಟರು ಕಣ್ಣು ಮುಚ್ಚಿ, ಈ ತಂಗಿಯ ಒಲೆ ಆರದಿರಲಿ ಎಂದು ಪ್ರಾರ್ಥನೆ ಮಾಡಿದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಆದದ್ದು ಇಷ್ಟು. ಹಿಂದಿನ ದಿನ ಶನಿವಾರ ಇದೇ ಮುದುಕಿ, ರಾಹೇಲಮ್ಮ, ಚೀಲ ಹಿಡಿದು ನನ್ನ ಬಾಗಿಲಿಗೆ ಬಂದಿದ್ದಳು. "ಹಿಡಿ ಅಕ್ಕಿ ಕೊಡು ಯವ್ವಾ" ಎಂದಿದ್ದಳು. ಅಕ್ಕಿ ಇಲ್ಲಮ್ಮ, ಇನ್ನೂ ಒಲೆಯೇ ಹಚ್ಚಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ. ಗ್ಯಾಸ್ ಸಂಪರ್ಕ ಬಂದಿರಲಿಲ್ಲ. ಪಾತ್ರೆಯ ಗಂಟು ಲಾರಿಯಲ್ಲಿ ಎಲ್ಲೋ ಹುಬ್ಬಳ್ಳಿಯ ಬಳಿ ಇತ್ತು. ಬೆಳಿಗ್ಗೆ ಮಂಡಾಳ ಒಗ್ಗರಣೆ, ಅಂದರೆ ನಮ್ಮ ಮಂಡಕ್ಕಿಯ ಉಪ್ಪಿಟ್ಟಿನಂಥದು, ಜೊತೆಗೆ ಮಿರ್ಚಿ ಬಜ್ಜಿ, ಸಂಜೆ ಬ್ರೆಡ್ಡು. ಆಕೆ ಬಾಗಿಲಿನಿಂದಲೇ ಕತ್ತು ಚಾಚಿ ಖಾಲಿ ಅಡುಗೆಮನೆ ನೋಡಿ ಹೋಗಿದ್ದಳು. ಯಾರೋ ಬೇಡಲು ಬಂದವಳು ಪಾಪ, ಬರಿಗೈಯಲ್ಲಿ ಹೋದಳಲ್ಲ ಎಂದು ನಾನು ಮರುಗಿದ್ದೆ. ಯಾರು ಯಾರಿಗೆ ಮರುಗುತ್ತಿದ್ದಾರೆ ಎಂದು ಗೊತ್ತಾದದ್ದು ಮರುದಿನ.

ನಮ್ಮ ಚರ್ಚಿನಲ್ಲಿ ಬೆಂಚುಗಳಿವೆ, ಬೆಂಚಿನ ತುದಿಯಲ್ಲಿ ಕೊಡೆ ಸಿಕ್ಕಿಸಲು ಜಾಗ ಇದೆ. ಇಲ್ಲಿ ಜಮಖಾನ ಹಾಸಿ ಕೂರುತ್ತಾರೆ. ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ. ಹಾಡಿನ ಪಲ್ಲವಿ ಕನ್ನಡದಲ್ಲಿ ಶುರುವಾಗಿ ಚರಣ ತೆಲುಗಿಗೆ ದಾಟುತ್ತದೆ, ಯಾರಿಗೂ ಅದು ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಕಾಣಿಕೆ ಎಂದರೆ ಲಕೋಟೆ. ಇಲ್ಲಿನ ಬಡ ಹೆಂಗಸರಲ್ಲಿ ಲಕೋಟೆಗೆ ಹಾಕಲು ಹೆಚ್ಚೇನೂ ಇರುವುದಿಲ್ಲ. ಅವರು ದಿನವೂ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಾರೆ. ವಾರದ ಕೊನೆಗೆ ಅದು ರಾಹೇಲಮ್ಮನ ಚೀಲ ಸೇರುತ್ತದೆ. ಭಾನುವಾರ ಯಾವುದಾದರೂ ಕಷ್ಟದ ಮನೆಗೆ ಹೋಗುತ್ತದೆ. ಆ ವಾರದ ಕಷ್ಟದ ಮನೆ ನನ್ನದಾಗಿತ್ತು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ನಕ್ಕೂ ನಕ್ಕೂ ಅವರಿಗೆ ಕೆಮ್ಮು ಬಂತು. "ವಾಪಸು ಕೊಟ್ಟುಬಿಡು ಮಾರಾಯ್ತಿ, ನಮಗೆಂಥ ಗತಿ ಇಲ್ಲವಾ?" ಎಂದರು. ನನಗೂ ಕೊಡಬೇಕೆಂದೇ ಇತ್ತು, ಧೈರ್ಯ ಬರಲಿಲ್ಲ. ಗ್ಯಾಸ್ ಬಂದ ದಿನ ಅದೇ ಅಕ್ಕಿಯನ್ನು ಬೇಯಿಸಿದೆ. ನುಚ್ಚು ಕರಗಿ ಗಂಜಿಯಾಗಿತ್ತು, ದಪ್ಪ ಅಕ್ಕಿ ಇನ್ನೂ ಗಟ್ಟಿಯಿತ್ತು. ಮೂರು ಹೊತ್ತು ಅದನ್ನೇ ಉಂಡೆ.

ಮನೆಯ ವಿಷಯ ಹೇಳಬೇಕು. ಮನೆ ಕೊಟ್ಟವರು ಅಕ್ಕಿ ಗಿರಣಿಯ ಬಸಣ್ಣನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. "ಕ್ರಿಶ್ಚನ್ರೇನು? ಇರ್ಲಿ ಬಿಡ್ರಿ, ಎಲ್ಲಾ ದೇವ್ರೂ ಒಂದ. ಆದ್ರ ಮೀನ ಒಂದು ಮಾಡಬ್ಯಾಡ್ರಿ, ವಾಸನಿ ನಮ್ಮ ಜಗಲಿ ತನಕ ಬರ್ತದ" ಎಂದರು. ಜಗಲಿ ಎಂದರೆ ನಮ್ಮ ಹಾಗೆ ಮನೆಯ ಮುಂದಿನ ಕಟ್ಟೆ ಅಲ್ಲ, ಇಲ್ಲಿ ಅದು ದೇವರ ಮನೆ. ನಾನು ಒಪ್ಪಿದೆ. ಉಡುಪಿಯಲ್ಲಿ ಹುಟ್ಟಿದವಳು ಹೇಗೆ ಒಪ್ಪಿದೆನೋ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ರಾಯಚೂರಿಗೆ ಹೋದಾಗ ಮಾರುಕಟ್ಟೆಯಲ್ಲಿ ಕೃಷ್ಣಾ ನದಿಯ ಮೀನು ಮಾರುತ್ತಿದ್ದರು. ಸುಮ್ಮನೆ ಮುಂದೆ ನಿಂತು ಮೂಸಿ ಬಂದೆ. "ತಗೋತೀರೋ, ಬರೇ ನೋಡ್ತೀರೋ?" ಎಂದು ಮಾರುವವಳು ಗದರಿದಳು. ಬಸ್ಸಿನಲ್ಲಿ ಬರುವಾಗ ಕಣ್ಣು ತುಂಬಿತು, ಅದೂ ಒಂದು ಮೀನಿಗೆ.

ಭಾಷೆಯ ಕತೆ ಬೇರೆ. ಕನ್ನಡ ಟೀಚರಿಗೆ ಕನ್ನಡ ಬರುವುದಿಲ್ಲ ಎಂದು ಒಂಬತ್ತನೇ ತರಗತಿಯವರು ಮೊದಲ ವಾರವೇ ತೀರ್ಮಾನಿಸಿದ್ದರು. ನಾನು "ಉಂಟು" ಎಂದರೆ ಇಡೀ ತರಗತಿ ನಗುತ್ತಿತ್ತು. ಈಗ ನಾನೂ "ಅದ" ಅನ್ನುತ್ತೇನೆ. ಬಿಸಿಲಿಗೆ ಮಾತ್ರ ಯಾವ ಭಾಷೆಯಲ್ಲೂ ಉತ್ತರ ಸಿಗಲಿಲ್ಲ. ನಮ್ಮಲ್ಲಿ ಬೆವರು ಇಳಿಯುತ್ತದೆ, ಇಲ್ಲಿ ಇಳಿಯುವ ಮೊದಲೇ ಆರುತ್ತದೆ.

ಒಂಟಿತನ ಕಳೆದದ್ದು ರಾಹೇಲಮ್ಮನಿಂದ. ಶನಿವಾರದ ಸುತ್ತು ಮುಗಿಸಿ ಕೊನೆಗೆ ನನ್ನ ಮನೆಗೆ ಬಂದು, ಒಲೆಯ ಮುಂದೆ ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದಳು. ಗಂಡ ಸತ್ತು ಎಷ್ಟೋ ವರ್ಷ. ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತು ಒಬ್ಬಳೇ ಮಗಳನ್ನು ಸಾಕಿ ದೇವದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದಳು. ಈಗ ಮಂಡಿ ಹಿಡಿದು ಕೂಲಿಗೆ ಹೋಗಲಾಗುತ್ತಿರಲಿಲ್ಲ. ನನಗೆ ಜೋಳದ ರೊಟ್ಟಿ ಕಲಿಸಿದವಳು ಅವಳೇ. "ಇದು ರೊಟ್ಟಿ ಬಡಿಯೂದಲ್ಲ ಬೇ, ಸೊಳ್ಳಿ ಬಡಿಯೂದು" ಎಂದು ಬೈಯುತ್ತಿದ್ದಳು. ಮೊದಲ ಬಾರಿಗೆ ರೊಟ್ಟಿ ಉಬ್ಬಿದ ದಿನ ಇಬ್ಬರೂ ಚಪ್ಪಾಳೆ ಹೊಡೆದೆವು.

ಹಿಡಿ ಅಕ್ಕಿಯ ರೀತಿಯನ್ನೂ ಅವಳೇ ಹೇಳಿಕೊಟ್ಟಳು. ಒಂದು ಶನಿವಾರ ನಾನು ಅನ್ನ ಬಸಿದು, ಉಂಡು, ಆಮೇಲೆ ಡಬ್ಬಿಯಿಂದ ಅಕ್ಕಿ ತೆಗೆಯುತ್ತಿದ್ದೆ. ಅವಳು ಕೈ ಹಿಡಿದಳು.

"ಉಂಡ ಮ್ಯಾಲ ತೆಗಿಬಾರ್ದು. ಒಲಿ ಮ್ಯಾಲ ಎಸರಿಡೂಕಿಂತ ಮೊದ್ಲ ತೆಗಿಬೇಕು."

"ಏನು ವ್ಯತ್ಯಾಸ? ಅಕ್ಕಿ ಅದೇ ಅಲ್ಲವಾ?"

"ನಿನಗೆಷ್ಟು ಸಾಕು ಅಂತ ಹೊಟ್ಟಿನ ಕೇಳಿದ್ರ ಅದು ಯಾವತ್ತೂ ಸಾಕು ಅನ್ನಂಗಿಲ್ಲ ಯವ್ವಾ."

ನಾವು ಕಲಿತದ್ದು ಬೇರೆ ಕ್ರಮ. ಮೊದಲು ಮನೆ, ಮಕ್ಕಳ ಓದು, ಆಮೇಲೆ ಉಳಿದರೆ ಪರರಿಗೆ. ಅದರಲ್ಲಿ ತಪ್ಪೇನಿದೆ ಎಂದು ಆಗ ಅನ್ನಿಸಿತ್ತು. ಈಗಲೂ ಪೂರ್ತಿ ತಪ್ಪು ಎನ್ನುವ ಧೈರ್ಯ ನನಗಿಲ್ಲ.

ಕೆಲವು ತಿಂಗಳ ಸಂಬಳ ತಡವಾಗಿ ಒಟ್ಟಿಗೇ ಬಂತು. ಮಂಚ, ಫ್ರಿಜ್ಜು, ಕೂಲರು ಎಲ್ಲ ಬಂದವು. ಒಂದು ಸಂಜೆ ಕೂಲರಿನ ಮುಂದೆ ಕಾಲು ಚಾಚಿ ಕುಳಿತು ಯೋಚಿಸಿದೆ: ನನಗೆ ಬೇಕಾದದ್ದೆಲ್ಲ ಇದೆ, ಇನ್ನು ಕೊಡಬೇಕು. ಅದುವರೆಗೆ ಸರಿಯಾಗಿಯೇ ಇತ್ತು. ಕೆಟ್ಟದ್ದು ಅದರ ಮುಂದಿನ ಯೋಚನೆಯಲ್ಲಿ. ಬಿಸಿಲಿನಲ್ಲಿ ಒಬ್ಬ ಮುದುಕಿ ಮನೆಮನೆ ತಿರುಗಿ ಹಿಡಿಹಿಡಿ ಕೂಡಿಸುವುದನ್ನು ನಾನು ಒಬ್ಬಳೇ ಒಂದು ದಿನದಲ್ಲಿ ಕೊಡಬಲ್ಲೆನಲ್ಲ! ಸೆರಗಿನಲ್ಲಿ ಹಿಡಿದ ಅಕ್ಕಿಯ ಅವಮಾನವನ್ನೂ ಇದರಲ್ಲೇ ತೊಳೆದುಕೊಳ್ಳುವ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ.

ಬಸಣ್ಣನವರ ಗಿರಣಿಗೆ ಹೋದೆ. "ದಾನ ಮಾಡ್ತೀರಂದ್ರ ಹಳೀ ಅಕ್ಕಿ ಒಯ್ರಿ, ಹೊಸಾದು ಮುದ್ದಿ ಆಗ್ತದ" ಎಂದು ಅವರೇ ಮುತುವರ್ಜಿಯಿಂದ ಆರಿಸಿ ಕೊಟ್ಟರು. ಚರ್ಚಿನ ಸುಗ್ಗಿ ಕಾಣಿಕೆಯ ಭಾನುವಾರ, ಕುಂಬಳಕಾಯಿ, ಜೋಳದ ತೆನೆಗಳ ಪಕ್ಕದಲ್ಲಿ ನನ್ನ ನಾಲ್ಕು ಮೂಟೆ ಬಂದು ಕುಳಿತವು. ಇನ್ನು ಪ್ರತಿ ತಿಂಗಳೂ ಒಂದು ಮೂಟೆ ನನ್ನದು ಎಂದು ಎದ್ದು ನಿಂತು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈ ಜುಮ್ಮೆಂದಿತು. ಅಷ್ಟು ಹೊತ್ತು ಉಡುಪಿ ನೆನಪಾಗಲೇ ಇಲ್ಲ.

ಮುಂದಿನ ವಾರ ಪಾಸ್ಟರು ಹೇಳಿದರು: "ಟೀಚರಮ್ಮಾರು ಕೊಟ್ಟ ಅಕ್ಕಿ ಇಡಾಕ ಜಾಗ ಇಲ್ರಿ. ಇದು ತೀರೂ ತನಕ ಯಾರೂ ಹಿಡಿ ಅಕ್ಕಿ ತರಬ್ಯಾಡ್ರಿ. ಅಕ್ಕಿ ಬೇಕಾದೋರು ಬಂದು ನನಗ ಹೇಳ್ರಿ." ಜಮಖಾನದ ತುದಿಯಲ್ಲಿ ರಾಹೇಲಮ್ಮ ಕುಳಿತಿದ್ದಳು. ಆಗಷ್ಟೇ ಅಕ್ಕಿ ಸುರಿದು ಬರಿದು ಮಾಡಿದ್ದ ಚೀಲವನ್ನು ಮಡಚಿ, ಇನ್ನೊಮ್ಮೆ ಮಡಚಿ, ತೊಡೆಯ ಕೆಳಗೆ ಇಟ್ಟುಕೊಂಡಳು. ನಾನು ನೋಡಿದೆ. ಈ ವಯಸ್ಸಿನಲ್ಲಿ ಅಲೆಯುವುದು ತಪ್ಪಿತಲ್ಲ ಎಂದು ಸಮಾಧಾನಪಟ್ಟೆ.

ಅವಳ ಶನಿವಾರಗಳು ನಿಂತವು. ನನ್ನ ಮನೆಗೂ ಬರುವುದು ಕಡಿಮೆಯಾಯಿತು. ಮಂಡಿ ನೋವಿರಬೇಕು ಎಂದುಕೊಂಡೆ. ಶಾಲೆಯಲ್ಲಿ ಪರೀಕ್ಷೆಯ ಗಲಾಟೆ, ಹೋಗಿ ನೋಡಲಿಲ್ಲ. ಚರ್ಚಿನ ಅಕ್ಕಿ ಕೇಳಿದವರಿಗೆ ಹೋಯಿತು, ಬಾಯಿ ಇದ್ದವರಿಗೆ ಎರಡೆರಡು ಸಲ ಹೋಯಿತು. ಉಳಿದದ್ದಕ್ಕೆ ಹುಳ ಬಿತ್ತು. ಮೂರು ಭಾನುವಾರ ರಾಹೇಲಮ್ಮ ಕಾಣಿಸದಿದ್ದಾಗ ಅವಳ ಮನೆಗೆ ಹೋದೆ. ಬೀಗ ಹಾಕಿತ್ತು. ಪಕ್ಕದ ಮನೆಯ ಸುಗುಣಮ್ಮ ಹೊರಗೆ ಬಂದಳು.

"ಮಗಳ ಹಂತ್ಯಾಕ ದೇವದುರ್ಗಕ್ಕ ಹ್ವಾದ್ಳ್ರಿ. ರೇಷನ್ ಅಂಗಡ್ಯಾಗ ಮಷಿನ್ನಿಗೆ ಹೆಬ್ಬಟ್ಟು ಹತ್ತವಲ್ದಾಗಿತ್ತು, ಅಕ್ಕಿ ಕೊಡ್ಲಿಲ್ಲ. ಬೆರಳ ಗೆರಿ ಎಲ್ಲಾ ಸವದಾವ. ಎರಡು ತಿಂಗಳ ಏನ್ ತಿಂತಿದ್ಲೋ ನಮಗೂ ಗೊತ್ತಾಗ್ಲಿಲ್ಲ ನೋಡ್ರಿ."

ಎರಡು ಓಣಿ ಆಚೆ ಚರ್ಚಿನಲ್ಲಿ ನನ್ನ ಮೂಟೆಗಳಿದ್ದವು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಮುಂದಿನ ಭಾನುವಾರ ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋದೆ. ಮಗಳು ಮಾರ್ತಮ್ಮನ ಮನೆ ಒಂದೇ ಕೋಣೆ. ಒಳಗೆ ಗಂಟು ಕಟ್ಟುತ್ತಿದ್ದರು. ಮಗಳು, ಅಳಿಯ ಇಬ್ಬರೂ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದರು. ಹೀಗೆ ಮನೆಮಂದಿಯೆಲ್ಲ ದುಡಿಯಲು ದೂರ ಹೋಗುವುದಕ್ಕೆ ಇಲ್ಲಿ ಗುಳೆ ಎನ್ನುತ್ತಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ರಾಹೇಲಮ್ಮನೂ ಹೊರಟಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ ನನ್ನನ್ನು ಕೂರಿಸಿ, ತಾನು ದೂರ ನೆಲದ ಮೇಲೆ ಕುಳಿತಳು. ನಾನು ಕೆಳಗೆ ಕೂರಲು ಹೋದರೆ ಬಿಡಲಿಲ್ಲ.

"ಯಾಕೆ ಹೇಳಲಿಲ್ಲ ನನಗೆ? ಚರ್ಚಿನಲ್ಲಿ ಅಷ್ಟು ಅಕ್ಕಿ ಇತ್ತಲ್ಲ," ಎಂದೆ. ದನಿ ಬೈದ ಹಾಗೆ ಬಂತು.

"ಹೆಂಗ ಕೇಳ್ಲಿ ಯವ್ವಾ? ಇಷ್ಟು ವರ್ಷ ನಾ ಯಾರಿಗೂ ಕೇಳೂ ಪಾಳಿ ಬರಗೊಟ್ಟಿಲ್ಲ. ಚೀಲ ಹಿಡದು ಬಾಗಿಲಿಗೆ ನಿಂತ್ರ ತಿಳಿತಿತ್ತು. ಯಾ ಮನ್ಯಾಗಿಂದ ಹಿಡಿ ಅಕ್ಕಿ ಬರಲಿಲ್ಲ, ಆ ಮನ್ಯಾಗ ಗಡಿಗಿ ಖಾಲಿ ಅದ ಅಂತ. ಭಾನುವಾರ ಚೀಲ ಅವರಿಗೇ ಹೋಗ್ತಿತ್ತು. ಅವರೂ ಕೊಡ್ರಿ ಅಂತ ಬಾಯಿ ಬಿಡ್ತಿದ್ದಿಲ್ಲ, ನಾವೂ ಕೇಳ್ತಿದ್ದಿಲ್ಲ."

"ನಿನ್ನ ಮನೆಯದು ಯಾರಿಗೆ ತಿಳಿಯುತ್ತಿತ್ತು?"

"ಚೀಲಕ್ಕ ಮೊದ್ಲ ಬೀಳೂದು ನನ್ನ ಹಿಡಿ. ಪಾಸ್ಟರ್ ಅಯ್ಯನೋರ ಮುಂದ ಹಾಕ್ತಿದ್ದೆ. ಅದು ಬೀಳಲಿಲ್ಲಂದ್ರ ಅವರಿಗೆ ಗೊತ್ತಾಗ್ತಿತ್ತು. ಈಗ ಚೀಲನ ಇಲ್ಲಲ್ಲ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನೀ ಒಳ್ಳೇದಕ್ಕ ಮಾಡಿದಿ, ನಿಂದೇನೂ ತಪ್ಪಿಲ್ಲ," ಎಂದಳು. ಮಾನ್ವಿಗೆ ಬಾ, ನನ್ನ ಮನೆಯಲ್ಲೇ ಇರು, ಅಡುಗೆಮನೆ ನಿನ್ನದೇ ಎಂದು ಅಂಗಲಾಚಿದೆ. "ನಿನ್ನ ಮನ್ಯಾಗ ಕುಂತು ಉಣ್ಣೂದು ಬಿಟ್ರ ನಂಗೇನ್ ಕೆಲಸ ಅದ ಹೇಳು? ಇಲ್ಲಿ ಮಕ್ಕಳನ್ನರ ಹಿಡಿತೀನಿ," ಎಂದಳು. ನಾನು ಹೊತ್ತು ತಂದಿದ್ದ ಅಕ್ಕಿಯ ಗಂಟನ್ನು ಮಾರ್ತಮ್ಮ ಒಳಗಿಟ್ಟಳು. ಬಸ್ ಸ್ಟ್ಯಾಂಡಿನವರೆಗೂ ಅಳುತ್ತಲೇ ಬಂದೆ. ಒಬ್ಬಳು ತನ್ನ ಊರು ಬಿಟ್ಟು ಹೋಗುವಂತೆ ಮಾಡಿದ್ದೆ, ಅದೂ ನನ್ನದಲ್ಲದ ಊರಿಗೆ ಬಂದು.

ಆಮೇಲೆ ಮಾರ್ತಮ್ಮನ ಫೋನು ಒಂದೇ ಸಲ ಸಿಕ್ಕಿತು. "ಅವ್ವ ಅರಾಮ ಅದಾಳ್ರಿ" ಎಂದಳು. ಹಿಂದೆ ಯಂತ್ರದ ಸದ್ದು ಜೋರಾಗಿತ್ತು, ಹೆಚ್ಚು ಮಾತಾಡಲಾಗಲಿಲ್ಲ.

ಪಾಸ್ಟರಿಗೆ ಎಲ್ಲ ಹೇಳಿ, ಇನ್ನು ನನ್ನ ಮೂಟೆ ಬೇಡ, ಹಿಡಿ ಅಕ್ಕಿಯೇ ಶುರುಮಾಡಿ ಎಂದು ಕೇಳಿಕೊಂಡೆ. ಅವರು, "ನಂದೂ ತಪ್ಪು ಅದ ಟೀಚರ. ಬ್ಯಾಡ ಅಂತ ಹೇಳಿದವ ನಾನ. ಆದ್ರ ಚೀಲ ಹಿಡಿಯೋರು ಯಾರು?" ಎಂದರು. ನಾನೇ ಹಿಡಿಯುತ್ತೇನೆ ಎಂದೆ.

ಮೊದಲ ಶನಿವಾರ ಚೀಲ ಹಿಡಿದು ಹೊರಟೆ. ಎಷ್ಟು ಬಾಗಿಲುಗಳಿದ್ದವೋ ಅಷ್ಟರಿಂದಲೂ ಅಕ್ಕಿ ಬಂತು. ಒಂದೂ ತಪ್ಪಲಿಲ್ಲ. ಹೆಂಗಸರು ಗಡಬಡಿಸಿ ಸೆರಗು ಸರಿಮಾಡಿಕೊಂಡು, "ಅಯ್ಯ, ನೀವ್ಯಾಕ ಬರಾಕ ಹೋದ್ರಿ ಟೀಚರ, ಹೇಳಿ ಕಳಿಸಿದ್ರ ತರ್ತಿದ್ದಿವಲ್ರಿ" ಎಂದು ಬೋಗುಣಿ ತುಂಬ ತಂದು ಸುರಿದರು. ಹಿಡಿ ಎನ್ನುವುದು ಬೋಗುಣಿಯಾಗಿಬಿಟ್ಟಿತು. ಅವರ ಮಕ್ಕಳಿಗೆ ಪಾಠ ಹೇಳುವವಳ ಮುಂದೆ, ಚರ್ಚಿಗೆ ಮೂಟೆ ಕೊಟ್ಟವಳ ಮುಂದೆ, ಇಲ್ಲ ಎಂದು ಬರಿಗೈಯಲ್ಲಿ ನಿಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಚೀಲ ಹಿಂದೆಂದಿಗಿಂತ ಭಾರವಾಯಿತು. ಅದನ್ನು ಯಾರ ಮನೆಗೆ ಕೊಡಬೇಕು ಎಂದು ಮಾತ್ರ ತಿಳಿಯಲಿಲ್ಲ. ಪಾಸ್ಟರೂ ನಾನೂ ಚೀಲ ಮುಂದಿಟ್ಟುಕೊಂಡು ಕುಳಿತೆವು.

ಬೇಸಗೆ ರಜೆಯಲ್ಲಿ ಊರಿಗೆ ಬಂದಿದ್ದೆ, ನಿಮ್ಮಲ್ಲಿ ಹಲವರು ನೋಡಿದ್ದೀರಿ. ರಾಯಚೂರಿನ ಬಿಸಿಲಿಗೆ ಕಪ್ಪಾಗಿದ್ದಿ ಎಂದಿರಿ, ಮಾತು ಆ ಕಡೆಯದಾಗಿದೆ ಎಂದು ನಕ್ಕಿರಿ. ಅಮ್ಮ ಬಂಗುಡೆ ಸಾರು ಮಾಡಿದ್ದರು. ಕುಚ್ಚಲಕ್ಕಿ ತೊಳೆಯಲು ಕೂತವಳು ಗೊತ್ತಿಲ್ಲದೇ ಒಂದು ಹಿಡಿ ತೆಗೆದು ಪಕ್ಕದ ತಟ್ಟೆಗೆ ಹಾಕಿದೆ.

"ಅದು ಯಾರಿಗೆ?" ಅಮ್ಮ ಕೇಳಿದರು.

ಯಾರಿಗೆ? ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ ಎಂದು ನನಗೆ ಯಾವತ್ತೂ ಗೊತ್ತಿರಲಿಲ್ಲ. ಎಲ್ಲರ ಗೇಟೂ ಮುಚ್ಚಿತ್ತು. ಆ ಅಕ್ಕಿಯನ್ನು ಮತ್ತೆ ಪಾತ್ರೆಗೇ ಹಾಕಿದೆ. ವರ್ಗಾವಣೆಗೆ ಪ್ರಯತ್ನ ಮಾಡು, ಸಾಕು ಆ ಊರು ಎಂದು ಅಮ್ಮ ಊಟದ ಉದ್ದಕ್ಕೂ ಹೇಳಿದರು. ಬಂಗುಡೆ ರುಚಿಯಾಗಿತ್ತು. ಮೂರನೇ ದಿನಕ್ಕೆ ನನಗೆ ರೊಟ್ಟಿ ಬೇಕೆನ್ನಿಸಿತು, ಅದನ್ನು ಹೇಳಲು ನಾಚಿಕೆಯಾಯಿತು.

ಮಾನ್ವಿಗೆ ಮರಳಿ ಬಂದು ಶನಿವಾರದ ಸುತ್ತು ಬಿಟ್ಟಿಲ್ಲ. ಬಿಟ್ಟರೆ ಏನೂ ಉಳಿಯುವುದಿಲ್ಲ ಎಂಬ ಭಯ. ಕಳೆದ ವಾರ ಸುಗುಣಮ್ಮನ ಬಾಗಿಲಿಗೆ ನಿಂತೆ. ರಾಹೇಲಮ್ಮನ ಪಕ್ಕದ ಮನೆಯವಳೇ. ಇವಳ ಗಂಡನೂ ಈಗ ಗುಳೆ ಹೋಗಿದ್ದಾನೆ. "ತರ್ತೀನಿ ನಿಂದರ್ರಿ ಟೀಚರ" ಎಂದು ನಗುನಗುತ್ತಾ ಒಳಗೆ ಹೋದಳು. ತಡವಾಯಿತು. ಗಿಡ್ಡ ಗೋಡೆಯ ಆಚೆ ಹಿತ್ತಲು ಕಾಣುತ್ತಿತ್ತು. ಅವಳು ಹಿಂದಿನ ಬಾಗಿಲಿನಿಂದ ಹೊರಬಿದ್ದು, ತಲೆ ತಗ್ಗಿಸಿಕೊಂಡು ಆಚೆ ಮನೆಗೆ ಹೋದಳು. ಬಟ್ಟಲೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೇಗಬೇಗ ಮರಳಿದಳು.

ಕೊನೆಗೂ ನನಗೆ ಕಷ್ಟದ ಮನೆ ತಿಳಿದಿತ್ತು. ಆದರೆ ಭಾನುವಾರ ಚೀಲ ಅವಳ ಮನೆಗೆ ಹೋದರೆ ನಾನು ನೋಡಿದ್ದೆ ಎಂದು ಅವಳಿಗೂ ತಿಳಿಯುತ್ತದೆ. ಮುಂದಿನ ಸಲ ಇನ್ನೂ ದೂರದ ಮನೆಗೆ ಹೋಗಿ ತರುತ್ತಾಳೆ. ಈಗಲೇ ಈ ಅಕ್ಕಿ ಬೇಡ ಎಂದರೆ, ನಿನ್ನಲ್ಲಿ ಇಲ್ಲ ಎಂದು ಬಾಗಿಲಲ್ಲಿ ನಿಂತು ಕೂಗಿ ಹೇಳಿದ ಹಾಗೆ. ರಾಹೇಲಮ್ಮ ನಿಂತಿದ್ದರೆ ಸುಗುಣಮ್ಮ ಒಳಗೆ ಹೋಗುತ್ತಲೇ ಇರಲಿಲ್ಲ. ಇಲ್ಲ ಬೇ ಎಂದು ಅಲ್ಲೇ ಹೇಳಿ, ಅತ್ತು, ಮೂಗು ಒರೆಸಿಕೊಳ್ಳುತ್ತಿದ್ದಳು. ಅಷ್ಟು ಇಲ್ಲಿಯವಳು ನಾನು ಆಗಿಲ್ಲ. ಆಗುತ್ತಿದ್ದೆನೇನೋ, ನಾನೇ ಕೆಡಿಸಿಕೊಂಡೆ.

ಚೀಲದ ಬಾಯಿ ಅಗಲಿಸಿ ಹಿಡಿದೆ. ಅವಳು ಬಟ್ಟಲು ಬಗ್ಗಿಸಿದಳು.

"ಮತ್ತ ಊರಿಗೆ ಯಾವಾಗ ಹೊಂಟೀರ್ರಿ?" ಎಂದು ಕೇಳಿದಳು, ಮಾತಿಗೆ.

ಬೆಳಿಗ್ಗೆ ಅಮ್ಮನೂ ಫೋನಿನಲ್ಲಿ ಅದನ್ನೇ ಕೇಳಿದ್ದರು, "ಊರಿಗೆ ಯಾವಾಗ ಬರುದು?" ಎಂದು. ನನ್ನ ಊರು ಯಾವುದೆಂದು ಇಬ್ಬರಿಗೂ ಸಂಶಯವೇ ಇರಲಿಲ್ಲ. ಇನ್ನೂ ಗೊತ್ತಿಲ್ಲ ಎಂದು ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ. ಸುಗುಣಮ್ಮ ಕೈಗಡ ತಂದ ಅಕ್ಕಿಯನ್ನು ಹಿಂದಕ್ಕೆ ಕೊಡಲೂ ಆಗದೆ, ಹೊತ್ತು ಮುಂದಿನ ಬಾಗಿಲಿಗೆ ಹೋಗಲೂ ಆಗದೆ, ಅವಳು ಒಳಗೆ ಹೋದ ಮೇಲೂ ಅಲ್ಲೇ ನಿಂತಿದ್ದೆ.